ಅಡ್ಮಿಷನ್ ದಿನ ಎಲ್ಲರೂ "ಬರೀ ಒಂದು ಕ್ವಾರ್ಟರ್" ಅನ್ನುತ್ತಾರೆ. ಫಾರಂನಲ್ಲಿ ಬರೆದದ್ದನ್ನು ಎಷ್ಟು ನಂಬಬೇಕು?

ಇಂಟೇಕ್_ಮೇಡಂ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಒಂದು ತಾಲೂಕು ಊರಿನ ವ್ಯಸನಮುಕ್ತಿ ಕೇಂದ್ರದಲ್ಲಿ ಕೌನ್ಸೆಲರ್. ಹೊಸದಾಗಿ ಬಂದವರ ಫಾರಂ ತುಂಬುವುದು ನನ್ನ ಕೆಲಸ. ದಿನಕ್ಕೆ ಎಷ್ಟು ಕುಡಿಯುತ್ತೀರಿ, ಬೆಳಗ್ಗೆ ಎದ್ದ ತಕ್ಷಣ ಬೇಕಾಗುತ್ತಾ, ಕುಡಿದು ಗಾಡಿ ಓಡಿಸಿದ್ದೀರಾ, ಮಾತ್ರೆ ಅಥವಾ ಇಂಜೆಕ್ಷನ್ ತಗೊಂಡಿದ್ದೀರಾ, ಬೇರೆಯವರು ಚುಚ್ಚಿಕೊಂಡ ಸೂಜಿ ಬಳಸಿದ್ದೀರಾ, ಕಾಂಡೋಮ್ ಇಲ್ಲದೆ ಹೊರಗಡೆ ಸಂಬಂಧ ಇತ್ತಾ, ಮನೆಯಲ್ಲಿ ಕೈ ಮಾಡಿದ್ದೀರಾ. ಹೀಗೆ ನಾಲ್ಕು ಪುಟ.

ಸಮಸ್ಯೆ ಏನೆಂದರೆ ಮೊದಲ ದಿನದ ಉತ್ತರಕ್ಕೂ ಎರಡನೇ ವಾರದ ಮಾತಿಗೂ ತಾಳಮೇಳವೇ ಇರುವುದಿಲ್ಲ. ಮೊದಲ ದಿನ "ಬರೀ ಒಂದು ಕ್ವಾರ್ಟರ್ ಮೇಡಂ, ಅದೂ ಮೈಕೈ ನೋವಿಗೆ". ಕೈ ನಡುಕ ನಿಂತ ಮೇಲೆ ಕೇರಂ ಬೋರ್ಡ್ ಮುಂದೆ ಕೂತಾಗ ಅದೇ ಮನುಷ್ಯ "ಡೈರಿಗೆ ಹಾಲು ಹಾಕೋಕೆ ಹೋಗೋ ಮುಂಚೆನೇ ಒಂದು ನೈಂಟಿ ಆಗ್ತಿತ್ತು" ಅನ್ನುತ್ತಾನೆ. ಸೂಜಿ, ಹೊರಗಿನ ಸಂಬಂಧದ ಪ್ರಶ್ನೆಗಳಿಗಂತೂ ಮೊದಲ ದಿನ ಸಾಲಾಗಿ ಇಲ್ಲ, ಇಲ್ಲ, ಇಲ್ಲ.

ನಮಗೆ ಹಣ ಕೊಡುವವರು ಬರುವಾಗ ಎಷ್ಟಿತ್ತು, ಮೂರು ತಿಂಗಳ ನಂತರ ಎಷ್ಟಿದೆ ಅಂತ ಲೆಕ್ಕ ಕೇಳುತ್ತಾರೆ. ಮೊದಲ ದಿನ ಮುಚ್ಚಿಟ್ಟವನು ಮೂರು ತಿಂಗಳ ನಂತರ ನಿಜ ಹೇಳಿದರೆ ಕಾಗದದ ಮೇಲೆ ಅವನು ಇನ್ನೂ ಕೆಟ್ಟಿರುತ್ತಾನೆ! ಮ್ಯಾನೇಜರ್ ಮಾತ್ರ "ಮೊದಲ ದಿನದ್ದೇ ದಾಖಲೆ, ತಿದ್ದಬೇಡಿ" ಅನ್ನುತ್ತಾರೆ. ಈ ಕ್ಷೇತ್ರದಲ್ಲಿ ಇರುವವರು ಏನು ಮಾಡುತ್ತೀರಿ?

ಗರಂ_ಮಸಾಲ

ಕುಡುಕರ ಮಾತು ಯಾರಾದರೂ ನಂಬುತ್ತಾರಾ? ಹೇಳಿದ್ದನ್ನು ಎರಡರಿಂದ ಗುಣಿಸಿ ಬರೆದುಕೊಳ್ಳಿ, ಮುಗೀತು.

ಮಂಡ್ಯ_ಲೋಕಲ್

ಎರಡು ಸಾಲಲ್ಲ ಗುರು. ಮೂರು ಮಾಡು.

ಬಿಟ್ಟವನು

ಗರಂ ಮಸಾಲ ಅವರೇ, ನಾನು ಆ ಕುರ್ಚಿಯಲ್ಲಿ ಕೂತಿದ್ದವನು. ನನ್ನನ್ನು ಕರೆದುಕೊಂಡು ಹೋದದ್ದು ಭಾವಮೈದ. ಫಾರಂ ಬರೆಯುವಾಗ ಅವನು ನನ್ನ ಬೆನ್ನ ಹಿಂದೆ ನಿಂತಿದ್ದ. ಪಕ್ಕದಲ್ಲಿ ಹೆಂಡತಿ, ಅವಳ ಮಡಿಲಲ್ಲಿ ಮಗು. ಬರೆಯುತ್ತಿದ್ದ ಹುಡುಗ ತಲೆ ಎತ್ತದೆ, ಆಚೆ ಬೆಂಚಿನವರಿಗೂ ಕೇಳುವ ಹಾಗೆ "ಹೊರಗಡೆ ಹೆಂಗಸರ ಸಹವಾಸ ಇದೆಯಾ?" ಅಂದ. ಅಲ್ಲಿ ಹೌದು ಅನ್ನುವ ಗಂಡಸು ಯಾರಾದರೂ ಇದ್ದರೆ ಹೇಳಿ, ಶಾಲು ಹೊದಿಸಿ ಸನ್ಮಾನ ಮಾಡೋಣ.

ಕುಡಿತದ ಲೆಕ್ಕವೂ ಅಷ್ಟೇ. ಜಾಸ್ತಿ ಹೇಳಿದರೆ ಜಾಸ್ತಿ ದಿನ ಒಳಗೆ ಇಟ್ಟುಕೊಳ್ಳುತ್ತಾರೆ ಅಂತ ಭಯ. ಕಡಿಮೆ ಹೇಳಿದರೆ ಬೇಗ ಬಿಡುತ್ತಾರೆ ಅಂತ ಆಸೆ. ಇನ್ನೊಂದು ವಿಷಯ ಯಾರೂ ಹೇಳಲ್ಲ. ಬೆಳಗ್ಗೆಯಿಂದ ಸ್ವಲ್ಪ ಸ್ವಲ್ಪ ಹಾಕುವವನಿಗೆ ಲೆಕ್ಕ ಎಲ್ಲಿ ಗೊತ್ತಿರುತ್ತದೆ? ಒಂದು ಗೆಳೆಯ ಕೊಡಿಸಿದ್ದು, ಒಂದು ಸಾಲದ್ದು, ಇನ್ನೊಂದು ರಾತ್ರಿ ನೆನಪೇ ಇಲ್ಲ. ಗೊತ್ತಿಲ್ಲದ್ದನ್ನು ಸುಳ್ಳು ಅಂತ ಬರೆದುಕೊಳ್ಳಬೇಡಿ.

ಗರಂ_ಮಸಾಲ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ನಿಮಗೆ ಹೇಳಲಿಲ್ಲ ಸಾರ್.

ನೈಟ್_ಡ್ಯೂಟಿ_ಡಾಕ್ಟ್ರು

ಮೇಡಂ, ಎರಡು ಬೇರೆ ಬೇರೆ ವಿಷಯ ಒಂದೇ ಫಾರಂನಲ್ಲಿ ಕೂತಿವೆ. ಒಂದು ಇವತ್ತು ರಾತ್ರಿಯ ಚಿಕಿತ್ಸೆಗೆ ಬೇಕಾದದ್ದು. ಇನ್ನೊಂದು ವರದಿಗೆ ಬೇಕಾದದ್ದು. ಮೊದಲನೆಯದರಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು.

ದಿನಾ ಜಾಸ್ತಿ ಕುಡಿಯುವವನು ದಿಢೀರ್ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಡೆಲಿರಿಯಂ ಟ್ರೆಮೆನ್ಸ್. ಗೋಡೆ ಮೇಲೆ ಹುಳ ಓಡಾಡುತ್ತಿದೆ ಅನ್ನುವುದು, ಬೆವರು, ಜ್ವರ, ಎಲ್ಲಿದ್ದೇನೆ ಅಂತ ಗೊತ್ತಾಗದಿರುವುದು. ಇದಕ್ಕೆ ಕೊಡುವ ಮಾತ್ರೆಯ ಪ್ರಮಾಣ, ಥಯಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಎಲ್ಲಾ ಅವನು ಎಷ್ಟು ಕುಡಿಯುತ್ತಿದ್ದ, ಕೊನೆಯ ಸಲ ಯಾವಾಗ ಅನ್ನುವುದರ ಮೇಲೆ ನಿಂತಿದೆ. ವ್ಯಸನಮುಕ್ತಿ ಕೇಂದ್ರದಲ್ಲಾದರೂ ಕೇಳುತ್ತಾರೆ. ಮೂಳೆ ವಾರ್ಡ್ ನೋಡಬೇಕು ನೀವು. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವನು "ಕುಡಿಯೋದೇ ಇಲ್ಲ ಸಾರ್" ಅಂತಾನೆ, ಆಪರೇಷನ್ ಆಗುತ್ತದೆ, ಮೂರನೇ ರಾತ್ರಿ ಡ್ರಿಪ್ ಕಿತ್ತುಕೊಂಡು ಮನೆಗೆ ಹೊರಡುತ್ತಾನೆ. ಆಮೇಲೆ ನಮಗೆ ಫೋನ್.

ಅದಕ್ಕೆ ನಾನು ಕೇಳುವುದೇ ಬೇರೆ ರೀತಿ. "ಕುಡಿಯುತ್ತೀರಾ?" ಅನ್ನುವುದಿಲ್ಲ. "ಕೊನೆಯ ಸಲ ಯಾವಾಗ ಆಯ್ತು, ನಿನ್ನೆ ರಾತ್ರಿನಾ ಇವತ್ತು ಬೆಳಗ್ಗೆನಾ? ರಾತ್ರಿ ಫಿಟ್ಸ್ ಬರಬಾರದಲ್ವಾ, ಅದಕ್ಕೆ ಕೇಳ್ತಿದ್ದೇನೆ" ಅನ್ನುತ್ತೇನೆ. ತನ್ನ ಪ್ರಾಣದ ವಿಷಯ ಅಂತ ಗೊತ್ತಾದರೆ ಬಹಳ ಜನ ಸರಿಯಾಗಿಯೇ ಹೇಳುತ್ತಾರೆ.

ಲೆಕ್ಕದ_ಮೇಷ್ಟ್ರು

ಒಂದು ಕ್ವಾರ್ಟರ್ ಅನ್ನುವುದು ಸುಳ್ಳೇ ಇರಲಿ. ಆ ಸುಳ್ಳನ್ನೇ ಲೆಕ್ಕ ಹಾಕಿ ನೋಡಿ. 180 ಮಿಲಿ, ಲೇಬಲ್ ಮೇಲೆ 42.8 ಪರ್ಸೆಂಟ್. ಅಂದರೆ ಸುಮಾರು 77 ಮಿಲಿ ಶುದ್ಧ ಆಲ್ಕೋಹಾಲ್, ತೂಕದಲ್ಲಿ 60 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅಂತ ಕುಡಿತ ಅಳೆಯುವ ಹತ್ತು ಪ್ರಶ್ನೆಗಳ ಫಾರಂ ಇದೆ, ಮೇಡಂ ಹತ್ತಿರವೂ ಅದೇ ಇರಬೇಕು. ಅದರಲ್ಲಿ ಒಂದು ಡ್ರಿಂಕ್ ಅಂದರೆ 10 ಗ್ರಾಂ. ಹಾಗಾದರೆ ಒಂದು ಕ್ವಾರ್ಟರ್ ಅಂದರೆ 6 ಡ್ರಿಂಕ್.

ದಿನಾ ಒಂದು ಕ್ವಾರ್ಟರ್ ಅಂದವನಿಗೆ ಮೊದಲ ಪ್ರಶ್ನೆಗೆ 4 ಅಂಕ, ಎರಡನೆಯದಕ್ಕೆ 2, ಆರು ಅಥವಾ ಅದಕ್ಕಿಂತ ಜಾಸ್ತಿ ಡ್ರಿಂಕ್ ಎಷ್ಟು ಸಲ ಅನ್ನುವ ಮೂರನೆಯದಕ್ಕೆ 4. ಮೂರೇ ಪ್ರಶ್ನೆಗೆ 10 ಬಂತು. ಒಟ್ಟು 40ಕ್ಕೆ 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅಪಾಯ ಅಂತ ಲೆಕ್ಕ. ಸುಳ್ಳು ಹೇಳಿಯೂ ಸಿಕ್ಕಿಬಿದ್ದ!

ಆದರೆ ಫಾರಂ ತುಂಬುವವರು "ಒಂದು ಕ್ವಾರ್ಟರ್" ಅನ್ನುವುದನ್ನು "ಒಂದು ಡ್ರಿಂಕ್" ಅಂತ ಟಿಕ್ ಮಾಡಿದರೆ ಏನಾಯ್ತು? ಎರಡನೇ ಮತ್ತು ಮೂರನೇ ಪ್ರಶ್ನೆಗೆ ಸೊನ್ನೆ. ಒಟ್ಟು 4. ಇಲ್ಲಿ ತಪ್ಪು ಕುಡಿದವನದಲ್ಲ, ಪೆನ್ನು ಹಿಡಿದವರದು.

ಮಂಡ್ಯ_ಲೋಕಲ್

ಮೇಷ್ಟ್ರೇ, ಕಟಿಂಗ್ ಲೆಕ್ಕ ಹಿಡಿದಿಲ್ಲ ನೀವು. ಇಬ್ಬರು ಸೇರಿ ಒಂದು ಕ್ವಾರ್ಟರ್ ಹಾಕಿದರೆ ಇಬ್ಬರೂ "ಒಂದು ಕ್ವಾರ್ಟರ್" ಅಂತಲೇ ಹೇಳುತ್ತಾರೆ. ದುಡ್ಡು ಕೊಡದವನು "ನಾನು ಕುಡಿಯೋದೇ ಇಲ್ಲ, ಅವನು ಕೊಡಿಸ್ದ" ಅನ್ನುತ್ತಾನೆ.

ಬಿಟ್ಟವನು

😂 ಇದು ನೂರಕ್ಕೆ ನೂರು ನಿಜ. ತಾನು ಕಾಸು ಕೊಟ್ಟದ್ದು ಮಾತ್ರ ಲೆಕ್ಕಕ್ಕೆ.

ನಾಲ್ಕನೇ_ಬ್ಲಾಕ್

ಬಿಯರ್ ಕುಡಿಯುವವರದ್ದು ಇನ್ನೊಂದು ಕಥೆ. "ನಾನು ಎಣ್ಣೆ ಮುಟ್ಟಲ್ಲ, ಬಿಯರ್ ಅಷ್ಟೇ." ಎಂಟು ಪರ್ಸೆಂಟ್ ಸ್ಟ್ರಾಂಗ್ ಬಿಯರ್ 650 ಮಿಲಿ ಬಾಟಲಿ ಅಂದರೆ ನಾಲ್ಕು ಡ್ರಿಂಕ್. ಎರಡು ಬಾಟಲಿ ಹಾಕಿದರೆ ಕ್ವಾರ್ಟರ್ ದಾಟಿ ಹೋಯ್ತು.

ಲ್ಯಾಬ್_ಕೋಟು

ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳುವುದು ಯಾಕೆ? ರಕ್ತ, ಮೂತ್ರ ಸುಳ್ಳು ಹೇಳಲ್ಲ. ಟೆಸ್ಟ್ ಮಾಡಿಸಿ.

ನೈಟ್_ಡ್ಯೂಟಿ_ಡಾಕ್ಟ್ರು

ಲ್ಯಾಬ್ ಕೋಟು ಅವರೇ, ಯಾವ ಟೆಸ್ಟ್? ಲಿವರ್ ನೋಡುವ ಜಿಜಿಟಿ ರಕ್ತ ಪರೀಕ್ಷೆ ಫ್ಯಾಟಿ ಲಿವರ್ ಇದ್ದರೂ ಏರುತ್ತದೆ, ಫಿಟ್ಸ್ ಮಾತ್ರೆ ತಗೊಂಡರೂ ಏರುತ್ತದೆ. ಎಷ್ಟೋ ಕುಡುಕರಲ್ಲಿ ನಾರ್ಮಲ್ ಇರುತ್ತದೆ. ಸಿಡಿಟಿ ಅನ್ನುವ ರಕ್ತ ಪರೀಕ್ಷೆ ಇನ್ನೂ ನಂಬಿಕಸ್ಥ, ಆದರೆ ಅದು ಏರಬೇಕಾದರೆ ದಿನಕ್ಕೆ 50ರಿಂದ 80 ಗ್ರಾಂ ಆಲ್ಕೋಹಾಲ್ ಸುಮಾರು ಎರಡು ವಾರ ಬೀಳಬೇಕು. ಇಟಿಜಿ ಅನ್ನುವ ಮೂತ್ರ ಪರೀಕ್ಷೆ ಕುಡಿದದ್ದನ್ನು ಮೂರು ದಿನದವರೆಗೆ ಹಿಡಿಯುತ್ತದೆ, ತಾಲೂಕಿನಲ್ಲಿ ಅದು ಸಿಗುವುದು ಕಷ್ಟ. ಉಸಿರು ಊದಿಸಿದರೆ ಕೆಲವು ಗಂಟೆಗಳ ಲೆಕ್ಕ ಅಷ್ಟೇ. ಗಾಂಜಾ ದಿನಾ ಸೇದುವವನ ಮೂತ್ರದಲ್ಲಿ ವಾರಗಟ್ಟಲೆ ಕಾಣುತ್ತದೆ, ಅಂದರೆ ಬಿಟ್ಟ ಮೇಲೂ ಪಾಸಿಟಿವ್! ನಿಜ ಹೇಳಿದವನೇ ಸುಳ್ಳುಗಾರ ಆಗುತ್ತಾನೆ.

ಮುಖ್ಯವಾಗಿ, ಸೂಜಿ ಹಂಚಿಕೊಂಡನಾ, ಕುಡಿದು ಲಾರಿ ಓಡಿಸಿದನಾ, ಕಾಂಡೋಮ್ ಹಾಕಿದನಾ ಅಂತ ಹೇಳುವ ಮೂತ್ರ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ. ಅದನ್ನು ಅವನ ಬಾಯಿಂದಲೇ ಕೇಳಬೇಕು.

ಲ್ಯಾಬ್_ಕೋಟು

ಎಚ್‌ಐವಿ, ಹೆಪಟೈಟಿಸ್ ಸಿ ಟೆಸ್ಟ್ ಇದೆಯಲ್ಲ ಡಾಕ್ಟ್ರೇ. ಸೂಜಿ ಮುಟ್ಟೇ ಇಲ್ಲ ಅಂದವನ ಹೆಪಟೈಟಿಸ್ ಸಿ ಪಾಸಿಟಿವ್ ಬಂದರೆ?

ಗಲ್ಲಿ_ಕೆಲಸದವ

ಬಂದರೆ ಅದೊಂದರಿಂದಲೇ ಸುಳ್ಳು ಅನ್ನಲಾಗುವುದಿಲ್ಲ. ಹಳೆಯ ರಕ್ತ ವರ್ಗಾವಣೆಯಿಂದ, ಅಸುರಕ್ಷಿತ ಇಂಜೆಕ್ಷನ್ನಿಂದಲೂ ಬಂದಿರುತ್ತದೆ. ಎಚ್‌ಐವಿ ಟೆಸ್ಟಿಗೆ ಮಾತ್ರ ಅವನ ಒಪ್ಪಿಗೆ ಬೇಕೇ ಬೇಕು, 2017ರ ಎಚ್‌ಐವಿ ಕಾಯ್ದೆ ಹಾಗೆ ಹೇಳುತ್ತದೆ. ಸುಳ್ಳು ಹಿಡಿಯುವುದಕ್ಕೆ ಅಂತ ಸುಮ್ನೆ ರಕ್ತ ತೆಗೆಯುವ ಹಾಗಿಲ್ಲ.

ನಾನು ಬೆಂಗಳೂರಿನಲ್ಲಿ ಚುಚ್ಚಿಕೊಳ್ಳುವವರ ನಡುವೆ ಕೆಲಸ ಮಾಡಿದವನು. "ಸೂಜಿ ಶೇರ್ ಮಾಡಿದ್ದೀರಾ?" ಅಂದರೆ "ಇಲ್ಲಣ್ಣ" ಅನ್ನುತ್ತಾರೆ. ಅವರ ಮಟ್ಟಿಗೆ ಅದು ನಿಜ. ಸೂಜಿ ತಮ್ಮದೇ. ಆದರೆ ಮಾತ್ರೆ ಪುಡಿ ಮಾಡಿ ಕಲಸಿದ ಬಾಟಲಿ ಮುಚ್ಚಳ ಒಂದೇ, ಸೋಸುವ ಹತ್ತಿ ಒಂದೇ, ಸಿರಿಂಜ್ ತೊಳೆಯುವ ನೀರಿನ ಲೋಟ ಒಂದೇ. ಹೆಪಟೈಟಿಸ್ ಸಿ ಹರಡುವುದಕ್ಕೆ ಅಷ್ಟು ಸಾಕು. ಇನ್ನು ಹೆಂಡತಿ ಅಥವಾ ಜೊತೆಗಾರ್ತಿ ಜೊತೆ ಒಂದೇ ಸಿರಿಂಜ್ ಬಳಸಿದರೆ ಅದನ್ನು ಯಾರೂ ಶೇರ್ ಅಂತ ಎಣಿಸುವುದೇ ಇಲ್ಲ. "ಅವಳು ನನ್ನವಳೇ ಅಲ್ವಾ ಅಣ್ಣ" ಅನ್ನುತ್ತಾರೆ.

ಹಾಗಾಗಿ ನಾನು ಆ ಪ್ರಶ್ನೆ ಬಿಟ್ಟೆ. "ಕೊನೆಯ ಸಲ ಚುಚ್ಚಿಕೊಂಡಾಗ ಎಷ್ಟು ಜನ ಇದ್ರಿ? ಮಾತ್ರೆ ಯಾರು ಕಲಸಿದ್ದು? ಯಾತರಲ್ಲಿ? ಮೊದಲು ಯಾರು ಹಾಕಿಕೊಂಡರು?" ಅಂತ ಕೇಳುತ್ತೇನೆ. ಕಥೆ ತಾನಾಗಿ ಬರುತ್ತದೆ. ಆಮೇಲೆ ಫಾರಂನಲ್ಲಿ ನಾನೇ ಟಿಕ್ ಹಾಕಿಕೊಳ್ಳುತ್ತೇನೆ.

ಇನ್ನೊಂದು ಮಾತು. ಟಪೆಂಟಡಾಲ್ ಅನ್ನುವ ನೋವಿನ ಮಾತ್ರೆ ಚುಚ್ಚಿಕೊಳ್ಳುವವರು ಬರುತ್ತಾರಲ್ಲ, ಡ್ರಗ್ಸ್ ಹುಡುಕುವ ಮಾಮೂಲಿ ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ (ಸ್ಟ್ರಿಪ್) ಅದು ಕಾಣುವುದೇ ಇಲ್ಲ. ಪಟ್ಟಿ ನೆಗೆಟಿವ್. ಹುಡುಗ ಮಾತ್ರ "ಹೌದಣ್ಣ ಹಾಕ್ತೀನಿ" ಅನ್ನುತ್ತಿದ್ದಾನೆ. ಈಗ ಯಾರನ್ನು ನಂಬುತ್ತೀರಿ, ಲ್ಯಾಬ್ ಕೋಟು ಅವರೇ?

ಲ್ಯಾಬ್_ಕೋಟು

ಅದಕ್ಕೆ ಬೇರೆ ಟೆಸ್ಟ್ ಇದೆ, ದುಬಾರಿ. ಪಟ್ಟಿ ಯಾವುದನ್ನು ಹುಡುಕುತ್ತದೋ ಅದನ್ನೇ ಹೇಳುತ್ತದೆ. ಆದರೂ ಟೆಸ್ಟ್ ಇದೆ ಅಂತ ಮೊದಲೇ ಹೇಳಿದರೆ ಜನ ಹುಷಾರಾಗಿ ನಿಜ ಹೇಳುತ್ತಾರೆ, ಅದನ್ನಾದರೂ ಒಪ್ಪಿ.

ಜೆರ್ಸಿ_ಕನ್ನಡಿಗ

ಲ್ಯಾಬ್ ಕೋಟು ಹೇಳಿದ್ದರಲ್ಲಿ ತಥ್ಯ ಇದೆ. 1971ರಲ್ಲಿ ಜೋನ್ಸ್, ಸಿಗಲ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಬರೆದರು. ನಿಜವಾಗಿ ಏನೂ ಅಳೆಯದ ಒಂದು ಯಂತ್ರಕ್ಕೆ ವೈರ್ ಜೋಡಿಸಿ "ಇದು ನಿಮ್ಮ ಮನಸ್ಸಿನಲ್ಲಿರುವುದನ್ನು ಹಿಡಿಯುತ್ತದೆ" ಅಂದರೆ ಸಾಕು, ಉತ್ತರ ಬದಲಾಗುತ್ತದೆ. ಆದರೆ ಅದು ಮೋಸ. ಚಿಕಿತ್ಸೆಗೆ ಬಂದವನ ಮೇಲೆ ಆ ಆಟ ಆಡಬಾರದು.

ನಾನು ಇಲ್ಲಿ ಅಮೆರಿಕದಲ್ಲಿ ಅಂಕಿಅಂಶದ ಕೆಲಸ ಮಾಡುತ್ತೇನೆ, ವ್ಯಸನ ಚಿಕಿತ್ಸೆಯ ಡೇಟಾ ನೋಡುತ್ತಿರುತ್ತೇನೆ. "ಕುಡುಕರು, ಡ್ರಗ್ಸ್‌ನವರು ಎಲ್ಲಾ ಸುಳ್ಳುಗಾರರು" ಅನ್ನುವುದಕ್ಕೆ ಸಂಶೋಧನೆಯ ಬೆಂಬಲ ಕಡಿಮೆ. ವಿಯೆಟ್ನಾಂನಿಂದ ಬಂದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಅನ್ನುವ ಸಂಶೋಧಕಿ 1972ರಲ್ಲಿ ಮಾತಾಡಿಸಿದರು. ಹೆರಾಯಿನ್ ವಿಷಯ, ಅದೂ ಸರ್ಕಾರ ಮಾಡಿಸಿದ ಸಮೀಕ್ಷೆ. ಸೇನೆಯ ದಾಖಲೆಯಲ್ಲಿ ಡ್ರಗ್ಸ್ ಅಂತ ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ತಾವಾಗಿಯೇ ಒಪ್ಪಿಕೊಂಡರು. 1998ರಲ್ಲಿ ಆಸ್ಟ್ರೇಲಿಯಾದ ಸಂಶೋಧಕ ಶೇನ್ ಡಾರ್ಕ್ ಚುಚ್ಚಿಕೊಳ್ಳುವವರ ಹೇಳಿಕೆಗಳ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲಾ ಸೇರಿಸಿ ನೋಡಿದರು. ಮೂತ್ರ ಪರೀಕ್ಷೆ, ಪೊಲೀಸ್ ದಾಖಲೆ, ಮನೆಯವರ ಮಾತು ಎಲ್ಲದರ ಜೊತೆ ಹೋಲಿಸಿದರು. ಸಾಕಷ್ಟು ನಂಬಬಹುದು ಅಂತಲೇ ತೀರ್ಮಾನ. ಮದ್ಯದ ವಿಷಯದಲ್ಲಿ ಲಿಂಡಾ ಮತ್ತು ಮಾರ್ಕ್ ಸೋಬೆಲ್ ಅನ್ನುವ ಮನಶ್ಶಾಸ್ತ್ರಜ್ಞ ದಂಪತಿ ಹೇಳುತ್ತಾ ಬಂದದ್ದೂ ಅದೇ. ಕೇಳುವ ಹೊತ್ತಿನಲ್ಲಿ ಅವನು ಕುಡಿದಿರಬಾರದು, ಹೇಳಿದ್ದು ಹೊರಗೆ ಹೋಗುವುದಿಲ್ಲ ಅಂತ ಭರವಸೆ ಇರಬೇಕು, ಪ್ರಶ್ನೆ ಸ್ಪಷ್ಟ ಇರಬೇಕು. ಹಾಗಿದ್ದರೆ ಉತ್ತರ ಚೆನ್ನಾಗಿಯೇ ಇರುತ್ತದೆ.

ಬೀದರ್_ಬಸಣ್ಣ

ಅಣ್ಣಾವ್ರೇ, ನಿಮ್ಮ ಸಂಶೋಧನೆಯಲ್ಲಿ ಹೇಳಿದವ ಏನೂ ಕಳಕೊಳ್ಳೋದಿಲ್ಲ. ಹೆಸರಿಲ್ಲ, ಊರಿಲ್ಲ, ಕೈಗೆ ಸ್ವಲ್ಪ ರೊಕ್ಕಾನೂ ಸಿಗಬಹುದು. ನಮ್ಮ ಕಡೆ ಕೇಂದ್ರದಾಗ ಬರೆದುಕೊಳ್ಳೋ ಹುಡುಗ ನಮ್ಮ ಓಣಿಯವನೇ ಇರ್ತಾನ. ಸಂಜಿಗೆ ಊರೆಲ್ಲಾ ಸುದ್ದಿ. ಇದನ್ನ ಅದರ ಜೋಡಿ ಹ್ಯಾಂಗ ಹೋಲಿಸ್ತೀರಿ?

ಜೆರ್ಸಿ_ಕನ್ನಡಿಗ

ಬಸಣ್ಣ, ನಾನೂ ಅದನ್ನೇ ಹೇಳುತ್ತಿರುವುದು. ಮನುಷ್ಯ ಅದೇ, ಸನ್ನಿವೇಶ ಬೇರೆ. ಇಲ್ಲಿಯೂ ಮಗುವನ್ನು ಸರ್ಕಾರ ಕಿತ್ತುಕೊಳ್ಳಬಹುದು ಅನ್ನುವ ಭಯ ಇರುವ ತಾಯಿ ಏನೂ ಹೇಳುವುದಿಲ್ಲ. ವ್ಯಸನ ಚಿಕಿತ್ಸೆಯ ದಾಖಲೆಗಳಿಗೆ ಇಲ್ಲಿ ಪ್ರತ್ಯೇಕ ಗೌಪ್ಯತೆಯ ನಿಯಮವೇ ಇದೆ, 1970ರ ದಶಕದಿಂದ.

ಮುಖ ನೋಡಿ ಹೇಳಲು ನಾಚಿಕೆ ಆಗುವ ವಿಷಯಕ್ಕೆ ಇನ್ನೊಂದು ದಾರಿ ಮಾಡಿದರು. ಕಿವಿಗೆ ಹೆಡ್‌ಫೋನ್, ಕಂಪ್ಯೂಟರ್ ಪ್ರಶ್ನೆ ಓದುತ್ತದೆ, ಉತ್ತರ ಒತ್ತುವುದು. 1999ರಲ್ಲಿ ಡೆ ಜಾರ್ಲೆ ಮತ್ತಿತರರು ಸಿರಿಂಜ್ ಬದಲಿಸಿ ಕೊಡುವ ಕೇಂದ್ರಗಳಿಗೆ ಬರುವವರಲ್ಲಿ ಇದನ್ನು ಪರೀಕ್ಷಿಸಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬರೆದರು. ಎದುರು ಕೂತು ಕೇಳಿದಾಗ ಹೇಳದ ಎಚ್‌ಐವಿ ಅಪಾಯದ ವಿಷಯಗಳನ್ನು ಕಂಪ್ಯೂಟರಿಗೆ ಜಾಸ್ತಿ ಜನ ಹೇಳಿದರು.

ಗಲ್ಲಿ_ಕೆಲಸದವ

ಎಲ್ಲಾ ಕಡೆ ನಡೆಯಲ್ಲ ಸಾರ್. ಜಿಂಬಾಬ್ವೆಯಲ್ಲಿ ಹೆಂಗಸರನ್ನು ಕಾಂಡೋಮ್ ಬಗ್ಗೆ ಕೇಳಿ, ಆಮೇಲೆ ದೇಹದಲ್ಲಿ ವೀರ್ಯದ ಗುರುತು ಇದೆಯಾ ಅಂತ ಪರೀಕ್ಷೆ ಮಾಡಿದ್ದರು. ಗುರುತು ಸಿಕ್ಕವರಲ್ಲಿ ಹತ್ತಿರ ಹತ್ತಿರ ಅರ್ಧ ಜನ "ಸಂಬಂಧವೇ ಆಗಿಲ್ಲ" ಅಥವಾ "ಕಾಂಡೋಮ್ ಹಾಕಿದ್ದೆವು" ಅಂದಿದ್ದರು. ಕಂಪ್ಯೂಟರ್ ಕೇಳಿದರೂ ಅಷ್ಟೇ, ಮನುಷ್ಯ ಕೇಳಿದರೂ ಅಷ್ಟೇ. ಹಾಗಂತ ಅವರು ಚಿಕಿತ್ಸೆಗೆ ಬಂದ ವ್ಯಸನಿಗಳಲ್ಲ, ಅದು ಬೇರೆ. ಆದರೆ ಯಂತ್ರ ಇಟ್ಟರೆ ಎಲ್ಲಾ ಸರಿಹೋಗುತ್ತದೆ ಅನ್ನಬೇಡಿ.

ಪಾಲಿಸಿ_ಪರಶುರಾಮ

ಎಲ್ಲರೂ ನಾಚಿಕೆ, ಭಯ ಅಂತ ಮಾತಾಡುತ್ತಿದ್ದೀರಿ. ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ಆರೋಗ್ಯ ವಿಮೆಯ ಕಾಗದದಲ್ಲಿ ಎಕ್ಸ್‌ಕ್ಲೂಷನ್ ಕೋಡ್ 12 ಅಂತ ಒಂದು ಸಾಲು ಇರುತ್ತದೆ, ಎಲ್ಲಾ ಕಂಪನಿಗೂ ಒಂದೇ ಪಠ್ಯ. ಮದ್ಯ, ಡ್ರಗ್ಸ್ ವ್ಯಸನದ ಚಿಕಿತ್ಸೆ ಮತ್ತು ಅದರ ಪರಿಣಾಮಗಳಿಗೆ ಹಣ ಕೊಡುವುದಿಲ್ಲ ಅಂತ. ಕೇಸ್ ಶೀಟಿನಲ್ಲಿ "ದೀರ್ಘಕಾಲದ ಕುಡಿತ" ಅಂತ ಒಂದು ಸಾಲು ಬಿದ್ದರೆ ಲಿವರ್ ಬಿಲ್ಲು ಮನೆಯವರ ತಲೆ ಮೇಲೆ. ಇದು ಗೊತ್ತಿರುವವನು "ಹಬ್ಬಕ್ಕೆ ಒಂದು ಪೆಗ್" ಅನ್ನದೆ ಇನ್ನೇನು ಅನ್ನುತ್ತಾನೆ? ಹೆಂಡತಿಯೇ ಪಕ್ಕದಲ್ಲಿ ಕೂತು "ಇವರು ಕುಡಿಯಲ್ಲ ಡಾಕ್ಟ್ರೇ" ಅಂತ ಹೇಳುವುದನ್ನು ನೋಡಿದ್ದೇನೆ.

ನೈಟ್_ಡ್ಯೂಟಿ_ಡಾಕ್ಟ್ರು

ಹೌದು. "ಸಾರ್, ಅದೊಂದು ಬರೀಬೇಡಿ" ಅನ್ನುವುದು ದಿನಾ ಕೇಳುವ ಮಾತು.

ಪಾತ್ರೆ_ಪಗಡೆ

ಹೆಂಡತಿಯರ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಗಂಡಸರು ಕಡಿಮೆ ಹೇಳುತ್ತಾರೆ, ಸರಿ. ನಮ್ಮನ್ನು ಯಾಕೆ ಕೇಳಲ್ಲ? ನನ್ನ ಯಜಮಾನರು ಎಷ್ಟು ಕುಡಿಯುತ್ತಾರೆ ಅಂತ ಗಾಡಿ ಸ್ಟ್ಯಾಂಡ್ ಹಾಕುವ ಸದ್ದಿನಿಂದಲೇ ಹೇಳುತ್ತೇನೆ. ಒಂದೇ ಸಲಕ್ಕೆ ನಿಂತರೆ ನೈಂಟಿ. ಎರಡು ಸಲ ಒದ್ದರೆ ಕ್ವಾರ್ಟರ್. ಗೇಟಿಗೆ ಬಡಿದರೆ ಆವತ್ತು ಊಟ ಬಡಿಸುವ ಕೆಲಸ ಇಲ್ಲ.

ಜೆರ್ಸಿ_ಕನ್ನಡಿಗ

ಅಕ್ಕ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಒಂದು ಸೋಜಿಗ ಇದೆ. ಮನೆಯವರ ಹೇಳಿಕೆಯನ್ನೂ ಕುಡಿಯುವವರ ಹೇಳಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನಗಳಲ್ಲಿ ಎಷ್ಟೋ ಸಲ ಕುಡಿಯುವವರೇ ಜಾಸ್ತಿ ಹೇಳಿರುತ್ತಾರೆ. ಮನೆಯವರಿಗೆ ಕಾಣುವುದು ಮನೆಗೆ ಬಂದ ಮೇಲಿನದು ಮಾತ್ರ.

ಪಾತ್ರೆ_ಪಗಡೆ

ಹಾಗಾದರೆ ನನಗೆ ಗೊತ್ತಿಲ್ಲದ್ದೂ ಇದೆ ಅಂತಾಯ್ತು. ಸಂಜೆ ಬರಲಿ.

ಮಂಡ್ಯ_ಲೋಕಲ್

ಜೆರ್ಸಿ ಸಾರ್, ಒಂದು ಸಂಸಾರಕ್ಕೆ ಬೆಂಕಿ ಇಟ್ಟಿರಿ.

ಸುಬ್ಬಮ್ಮನ_ಮೊಮ್ಮಗಳು

ಇಲ್ಲಿ ಎಲ್ಲರೂ "ಅವನು" ಅಂತಲೇ ಬರೆಯುತ್ತಿದ್ದೀರಿ, ಗಮನಿಸಿದಿರಾ? 2019ರಲ್ಲಿ ಕೇಂದ್ರ ಸರ್ಕಾರಕ್ಕೆ ಏಮ್ಸ್‌ನವರು ಮಾಡಿಕೊಟ್ಟ ವರದಿಯ ಪ್ರಕಾರ ದೇಶದಲ್ಲಿ ಗಂಡಸರಲ್ಲಿ 27.3 ಪರ್ಸೆಂಟ್, ಹೆಂಗಸರಲ್ಲಿ 1.6 ಪರ್ಸೆಂಟ್ ಕುಡಿಯುತ್ತಾರೆ. ಮನೆಬಾಗಿಲಿಗೆ ಹೋಗಿ, ಅತ್ತೆ ಜಗಲಿ ಮೇಲೆ ಕೂತಿರುವಾಗ "ನೀವು ಕುಡಿಯುತ್ತೀರಾ ಅಮ್ಮ" ಅಂದರೆ ಇನ್ನೆಷ್ಟು ಬರುತ್ತದೆ? ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿ ಕೆಲಸ ಮಾಡಿದವರನ್ನು ಕೇಳಿ.

ಆ ವರದಿ ಮಾಡಿದವರಿಗೂ ಇದು ಗೊತ್ತಿತ್ತು. ಹೆರಾಯಿನ್, ಇಂಜೆಕ್ಷನ್ ಅಂಥದ್ದಕ್ಕೆ ಬರೀ ಮನೆ ಸಮೀಕ್ಷೆ ಸಾಲದು ಅಂತ ಬಳಸುವವರ ಮೂಲಕವೇ ಇನ್ನಷ್ಟು ಬಳಸುವವರನ್ನು ಹುಡುಕಿ ಬೇರೆ ಲೆಕ್ಕ ಹಾಕಿದರು. ಹಾಗೆ ಬಂದದ್ದೇ ದೇಶದಲ್ಲಿ ಸುಮಾರು 8.5 ಲಕ್ಷ ಜನ ಚುಚ್ಚಿಕೊಳ್ಳುತ್ತಾರೆ ಅನ್ನುವ ಅಂಕಿ.

ಲೆಕ್ಕದ_ಮೇಷ್ಟ್ರು

ಇದಕ್ಕೆ ಸೇರಿಸುತ್ತೇನೆ. ಬೇರೆ ಬೇರೆ ದೇಶಗಳಲ್ಲಿ ಜನ ಸಮೀಕ್ಷೆಯಲ್ಲಿ ಕುಡಿದೆವು ಅಂದದ್ದನ್ನೆಲ್ಲಾ ಕೂಡಿಸಿದರೆ ನಿಜವಾಗಿ ಮಾರಾಟವಾದ ಮದ್ಯದ 40ರಿಂದ 60 ಪರ್ಸೆಂಟ್ ಮಾತ್ರ ಸಿಗುತ್ತದೆ. ಉಳಿದದ್ದು ನೆಲಕ್ಕೆ ಚೆಲ್ಲಿರಬೇಕು. ಸುಳ್ಳು ಹೇಳುವುದು ಬರೀ ವ್ಯಸನಿಗಳಲ್ಲ, ಮರ್ಯಾದಸ್ಥರೂ ಹೇಳುತ್ತಾರೆ ಅಂತ ಗರಂ ಮಸಾಲ ಅವರ ಗಮನಕ್ಕೆ.

ಗರಂ_ಮಸಾಲ

ನೋಡಿ, ನಾನು ಹೇಳಿದ ಹಾಗೆ ಎರಡರಿಂದ ಗುಣಿಸಿದರೆ ಲೆಕ್ಕ ಸರಿಹೋಯ್ತಲ್ಲ 😎

ಬೀದರ್_ಬಸಣ್ಣ

ಜಾಸ್ತಿ ಹೇಳುವವರೂ ಇದ್ದಾರ ನೋಡ್ರಿ. ಹುಡುಗರು ಗ್ರೂಪಿನಾಗ ಕೂತರೆ ಒಬ್ಬ ಒಂದು ಬಾಟಲಿ ಅಂದ್ರ ಇನ್ನೊಬ್ಬ ಎರಡು ಅಂತಾನ. ಮತ್ತ ಹೆರಾಯಿನ್ ಥರದ ನಶೆ ಬಿಡಿಸೋ ಬುಪ್ರೆನಾರ್ಫಿನ್ ಮಾತ್ರಿ ಕೊಡೋ ಕಡೆ ಡೋಸ್ ಜಾಸ್ತಿ ಸಿಗಲಿ ಅಂತ ಏರಿಸಿ ಹೇಳೋರೂ ಇದ್ದಾರ. ಎಲ್ಲಾರಿಗೂ ಒಂದೇ ಗುಣಾಕಾರ ನಡಿಯೋದಿಲ್ಲ.

ಚಿಂತೆ_ಚನ್ನಮ್ಮ

ಎಲ್ಲಾ ಸರಿ, ಊಟದಲ್ಲಿ ಬೆರೆಸಿ ಕೊಡುವ ಪುಡಿ ಬರುತ್ತದಲ್ಲ, ಕುಡಿಯುವವರಿಗೆ ಗೊತ್ತೇ ಆಗಲ್ಲವಂತೆ. ಅದು ಕೊಟ್ಟರೆ ಕೇಳುವ ತಾಪತ್ರಯವೇ ಇಲ್ಲ. ಯಾರಾದರೂ ತರಿಸಿದ್ದೀರಾ?

ನೈಟ್_ಡ್ಯೂಟಿ_ಡಾಕ್ಟ್ರು

ದಯವಿಟ್ಟು ಬೇಡ ಅಮ್ಮ. ಅಂಥ ಪುಡಿಯಲ್ಲಿ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಬೆರೆತಿದ್ದರೆ, ಗೊತ್ತಿಲ್ಲದೆ ಅದರ ಮೇಲೆ ಕುಡಿದವನಿಗೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಪ್ರಾಣ ಹೋಗಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅಪಾಯ ಇರುತ್ತದೆ. ಡೈಸಲ್ಫಿರಾಂ ಒಳ್ಳೆಯ ಔಷಧಿಯೇ, ಆದರೆ ಕುಡಿಯುವವನಿಗೆ ಗೊತ್ತಿದ್ದು, ಅವನೇ ಒಪ್ಪಿ ತಗೊಳ್ಳಬೇಕು. 14446ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ದುಡ್ಡಿಲ್ಲ.

ಮಾಡರೇಟರ್

ಪುಡಿ ಮಾರುವವರ ಲಿಂಕ್ ಹಾಕಿದ್ದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ವಿಷಯಕ್ಕೆ ಬನ್ನಿ.

ಇಂಟೇಕ್_ಮೇಡಂ

ಇಷ್ಟು ಜನ ಬರೆದದ್ದಕ್ಕೆ ಥ್ಯಾಂಕ್ಸ್. ಬಿಟ್ಟವನು ಅವರು ಹೇಳಿದ್ದು ತಲೆಯಲ್ಲಿ ಕೂತಿತು. ಮನೆಯವರನ್ನು ಆಚೆ ಕೂರಿಸಿ ಟೀ ಕೊಡಿಸುವ ವ್ಯವಸ್ಥೆ ಮಾಡಿದೆವು. ಮೇಜಿನ ಮೇಲೆ ಖಾಲಿ ಬಾಟಲಿಗಳನ್ನು ಸಾಲಾಗಿ ಇಟ್ಟೆ. ನೈಂಟಿಯ ಟೆಟ್ರಾ ಪ್ಯಾಕ್, ಕ್ವಾರ್ಟರ್, ಹಾಫ್, ಫುಲ್, ಬಿಯರ್, ಜೊತೆಗೆ ಒಂದು ಸ್ಟೀಲ್ ಲೋಟ. "ನೀವು ಹಾಕಿಕೊಳ್ಳುವ ಹಾಗೆ ನೀರು ಹಾಕಿ ತೋರಿಸಿ" ಅಂದೆ. ಗಾರೆ ಕೆಲಸದ ಒಬ್ಬರು "ಒಂದೇ ಪೆಗ್" ಅಂತ ಹೇಳುತ್ತಾ ಲೋಟದ ಅರ್ಧಕ್ಕಿಂತ ಮೇಲೆ ಸುರಿದರು. ಅಳೆದರೆ ನೈಂಟಿಗಿಂತ ಜಾಸ್ತಿ. ಅವರೇ ನೋಡಿ ನಕ್ಕರು, "ಇಷ್ಟು ಬರುತ್ತಾ ಮೇಡಂ?" ಅಂತ. ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ.

ಜೆರ್ಸಿ_ಕನ್ನಡಿಗ

ಮೇಡಂ, ಇದರ ಜೊತೆ ಸೋಬೆಲ್ ದಂಪತಿಯ ಕ್ಯಾಲೆಂಡರ್ ವಿಧಾನ ಸೇರಿಸಿ. ತಿಂಗಳ ಹಾಳೆ ಮುಂದಿಟ್ಟು ನಿನ್ನೆಯಿಂದ ಹಿಂದಕ್ಕೆ ಹೋಗುವುದು. ಮದುವೆ, ಹಬ್ಬ, ಸಂಬಳದ ದಿನ ಗುರುತು ಮಾಡಿದರೆ ಮಧ್ಯದ ದಿನಗಳು ನೆನಪಾಗುತ್ತವೆ. "ಸರಾಸರಿ ಎಷ್ಟು" ಅಂತ ಕೇಳಿದರೆ ಎಲ್ಲರೂ ಒಳ್ಳೆಯ ದಿನದ ಲೆಕ್ಕ ಕೊಡುತ್ತಾರೆ.

ಮಂಡ್ಯ_ಲೋಕಲ್

ನಮ್ಮ ಕಡೆಗೆ ಕ್ಯಾಲೆಂಡರ್ ಸುಲಭ. ಶನಿವಾರ ಬಟವಾಡೆ, ಸಂತೆ ದಿನ, ಮಾರಿಹಬ್ಬ, ಯುಗಾದಿ ಮಾರನೇ ದಿನ ಹೊಸತೊಡಕು. ಹೊಸತೊಡಕಿನ ದಿನ ಕುಡಿದಿಲ್ಲ ಅಂದವನ ಫಾರಂ ಹರಿದು ಹಾಕಿ, ಬೇರೆ ತುಂಬಿಸಿ.

ಗಲ್ಲಿ_ಕೆಲಸದವ

ಮೇಡಂ, ಬಾಟಲಿ ಕ್ಯಾಲೆಂಡರ್ ಎಲ್ಲಾ ಕುಡಿತಕ್ಕೆ ಆಯ್ತು. ಸೂಜಿ ಮತ್ತು ಸಂಬಂಧದ ಪ್ರಶ್ನೆ ಮೊದಲ ದಿನ ಕೇಳಲೇಬೇಡಿ. ಕೇಳಿ "ಇಲ್ಲ" ಅಂತ ಒಂದು ಸಲ ಬರೆದುಕೊಂಡರೆ, ಆಮೇಲೆ ಹೌದು ಅನ್ನುವುದಕ್ಕೆ ಅವನು ತಾನು ಸುಳ್ಳು ಹೇಳಿದೆ ಅಂತಲೂ ಒಪ್ಪಬೇಕಾಗುತ್ತದೆ. ಎರಡು ನಾಚಿಕೆ ಯಾಕೆ? ಕೇಳುವ ಮುಂಚೆ ಈ ಉತ್ತರ ಯಾರು ಓದುತ್ತಾರೆ ಅಂತ ಸರಿಯಾಗಿ ಹೇಳಿ. ಪೊಲೀಸ್ ಭಯ ಇದ್ದರೆ, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂನಲ್ಲಿ ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಇದೆ ಅಂತ ತಿಳಿಸಿ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಅದು ಹೋಗಬಹುದು, ಅದನ್ನೂ ಹೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಗೌಪ್ಯತೆಯ ಹಕ್ಕು ವ್ಯಸನದ ಚಿಕಿತ್ಸೆಗೂ ಅನ್ವಯ.

ಗರಂ_ಮಸಾಲ

ಇಷ್ಟೆಲ್ಲಾ ಓದಿ ಹೇಳುವಷ್ಟರಲ್ಲಿ ಅವನ ನಶೆ ಇಳಿದು ಮನೆಗೆ ಹೋಗಿರುತ್ತಾನೆ.

ಬಿಟ್ಟವನು

ನಶೆ ಇಳಿದ ಮೇಲೆ ಕೇಳಿ ಅಂತಲೇ ಎಲ್ಲರೂ ಮೊದಲಿನಿಂದ ಬರೆಯುತ್ತಿರುವುದು ಸಾರ್.

ಇಂಟೇಕ್_ಮೇಡಂ

ಮ್ಯಾನೇಜರ್ ಜೊತೆ ಮಾತಾಡಿದೆ. ಹಣ ಕೊಡುವವರ ಕಂಪ್ಯೂಟರಿನಲ್ಲಿ ಒಂದೇ ಖಾನೆ ಇದೆಯಂತೆ, ಎರಡು ಅಂಕಿ ಹಾಕಲು ಬರಲ್ಲ. ಅದಕ್ಕೆ ಮೊದಲ ದಿನದ ಹಾಳೆ ಹಾಗೇ ಬಿಟ್ಟು, ಎರಡನೇ ವಾರದಲ್ಲಿ ಕೇಳಿದ್ದನ್ನು ತಾರೀಖು ಹಾಕಿ ಇನ್ನೊಂದು ಹಾಳೆಯಲ್ಲಿ ಸೇರಿಸುವುದು ಅಂತ ಒಪ್ಪಿದ್ದಾರೆ. ಮೂರು ತಿಂಗಳ ಹೋಲಿಕೆ ಎರಡನೇ ಹಾಳೆಯ ಜೊತೆ. ವರದಿಯಲ್ಲಿ ಹಾಗಂತ ಬರೆಯಬೇಕು. ಗುರುತು ಸಿಗಲಿ ಅಂತ ಆ ಹಾಳೆಗೆ ಹಳದಿ ಕಾಗದ ತರಿಸೋಣ ಅಂದಿದ್ದಾರೆ.

ಜೆರ್ಸಿ_ಕನ್ನಡಿಗ

ಒಳ್ಳೆಯ ಕೆಲಸ. ಮೊದಲ ದಿನ ಮತ್ತು ಎರಡನೇ ವಾರದ ವ್ಯತ್ಯಾಸ ಯಾವ ಪ್ರಶ್ನೆಯಲ್ಲಿ ಜಾಸ್ತಿ ಅಂತ ಎಣಿಸುತ್ತಾ ಹೋಗಿ. ಆರು ತಿಂಗಳಲ್ಲಿ ನಿಮ್ಮ ಕೇಂದ್ರದ ಲೆಕ್ಕ ನಿಮಗೇ ಗೊತ್ತಾಗುತ್ತದೆ.

ಗಲ್ಲಿ_ಕೆಲಸದವ

ಹಳದಿ ಕಾಗದ ಮಾತ್ರ ಬೇಡ ಮೇಡಂ. ನಾನು ಮೊದಲು ಇದ್ದ ಕಡೆ ಹೀಗೇ ಮಾಡಿದ್ದರು. ಹಳದಿ ಹಾಳೆ ಇದ್ದ ಫೈಲ್ ಅಂದರೆ ಏನು ಅಂತ ಅಡುಗೆಯವರಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ಗೊತ್ತಾಗಿ ಹೋಯ್ತು. ಆಮೇಲೆ ಯಾರೂ ಬಾಯಿ ಬಿಡಲಿಲ್ಲ.

ಇಂಟೇಕ್_ಮೇಡಂ

ಸರಿ, ಬಿಳಿ ಹಾಳೆಯೇ. ಬೀರುವಿನ ಕೀ ಯಾರ ಹತ್ತಿರ ಇರುತ್ತದೆ ಅಂತ ನಾಳೆ ಕೇಳುತ್ತೇನೆ.